ಚಂದ್ರ ಮೊಟ್ಟೆಯಂತೆ, ಒಳಗೆ ಮರಿ ಇದೆಯಂತೆ! 'ಡಾಕ್ಟರ್ ಹೂ' ಕಂತಿನಲ್ಲಿ ಎಷ್ಟು ನಿಜ?

ಚಂದ್ರ ಒಡೆದು, ಒಳಗಿಂದ ರೆಕ್ಕೆ ಇರುವ ದೈತ್ಯ ಪ್ರಾಣಿ ಹೊರಬರುವ ವಿಡಿಯೊ ನಿಮ್ಮ ಮೊಬೈಲ್‌ಗೆ ಬಂದರೆ ಗಾಬರಿಯಾಗಬೇಡಿ. ಅದು ನಾಸಾದ್ದೂ ಅಲ್ಲ, ಇಸ್ರೋದ್ದೂ ಅಲ್ಲ. 1963ರಲ್ಲಿ ಬಿಬಿಸಿ ಶುರುಮಾಡಿದ 'ಡಾಕ್ಟರ್ ಹೂ' ಧಾರಾವಾಹಿಯಲ್ಲಿ 2014ರ ಅಕ್ಟೋಬರ್ 4ರಂದು ಬಂದ 'ಕಿಲ್ ದ ಮೂನ್' ಎಂಬ ಕಂತಿನ ಕಥೆ ಇದು.

ಕಥೆ ನಡೆಯುವುದು 2049ರಲ್ಲಿ. ಚಂದ್ರನ ತೂಕ ಹೆಚ್ಚಾಗಿದೆ. ಅಲ್ಲಿಗೆ ಹೋದವರು ಕುಪ್ಪಳಿಸುವುದಿಲ್ಲ, ಭೂಮಿಯ ಮೇಲಿನಂತೆಯೇ ನಡೆಯುತ್ತಾರೆ. ಇತ್ತ ಭೂಮಿಯಲ್ಲಿ ಎಲ್ಲ ಕಡೆ ಒಟ್ಟಿಗೆ ಸಮುದ್ರ ಉಕ್ಕಿದೆ. ಕಾರಣ, ಚಂದ್ರ ಹತ್ತು ಕೋಟಿ ವರ್ಷದ ಮೊಟ್ಟೆ, ಮರಿ ಬೆಳೆದಿದೆ! ಬಾಂಬ್ ಹಾಕಿ ಕೊಲ್ಲಬೇಕೇ, ಬಿಡಬೇಕೇ? ಪ್ರಶ್ನೆ ಚೆನ್ನಾಗಿಯೇ ಇದೆ. ಅದರ ಕೆಳಗಿನ ವಿಜ್ಞಾನ ಮಾತ್ರ ಟೊಳ್ಳು.

ಮೊದಲಿಗೆ, ಮರಿ ಬೆಳೆದರೆ ಮೊಟ್ಟೆಯ ತೂಕ ಏರುವುದಿಲ್ಲ. ಮರಿ ಬೆಳೆಯುವುದು ಒಳಗಿರುವ ಲೋಳೆ, ಹಳದಿಯಿಂದಲೇ. ಚಿಪ್ಪಿನ ಸಣ್ಣ ರಂಧ್ರಗಳಿಂದ ನೀರು ಆವಿಯಾಗುವುದರಿಂದ, ಕಾವಿಗೆ ಕೂರಿಸಿದ ಕೋಳಿ ಮೊಟ್ಟೆ 21 ದಿನದಲ್ಲಿ ನೂರಕ್ಕೆ ಸುಮಾರು 12ರಷ್ಟು ಹಗುರವೇ ಆಗುತ್ತದೆ. ಇನ್ನು ವಯಸ್ಸು: ಚಂದ್ರನಿಂದ ತಂದ ಕಲ್ಲುಗಳಲ್ಲಿ 400 ಕೋಟಿ ವರ್ಷ ಮೀರಿದವು ಇವೆ.

ಚಂದ್ರನ ಸೆಳೆತ ಭೂಮಿಯದರ ಆರನೇ ಒಂದು ಪಾಲು. ಅಲ್ಲಿ ನಮ್ಮಂತೆ ನಡೆಯಬೇಕಾದರೆ, ಅಷ್ಟೇ ಗಾತ್ರದ ಚಂದ್ರ ಆರು ಪಟ್ಟು ಭಾರವಾಗಬೇಕು. ಆಗ ಮಂಗಳೂರಿನಲ್ಲಿ ಈಗ ಒಂದೂವರೆ ಮೀಟರ್ ಆಸುಪಾಸಿನಲ್ಲಿರುವ ಉಬ್ಬರ-ಇಳಿತದ ಅಂತರ ಆರೇಳು ಮೀಟರ್ ಆದೀತು. ಕರಾವಳಿಗೆ ಅನಾಹುತವೇ. ಇಷ್ಟರ ಮಟ್ಟಿಗೆ ಕಥೆ ಸರಿ. ಆದರೆ ಎಲ್ಲ ಕಡೆ ಒಟ್ಟಿಗೆ ಉಬ್ಬರ ಬರಲು ಹೊಸ ನೀರು ಎಲ್ಲಿಂದ ಬರಬೇಕು? ಒಂದು ಕಡೆ ಏರಿದ ನೀರು ಇನ್ನೊಂದು ಕಡೆ ಇಳಿದಿರಲೇಬೇಕು. ಸಾಲಿಗ್ರಾಮದವರಿಗಂತೂ ಈ ಭಯ ಬೇಡ. ಚುಂಚನಕಟ್ಟೆಯಲ್ಲಿ ಕಾವೇರಿ ಧುಮ್ಮಿಕ್ಕುವುದು ಕೊಡಗಿನ ಮಳೆಯಿಂದ, ಹುಣ್ಣಿಮೆಯಿಂದಲ್ಲ.

ಇಂಥ ಬದಲಾವಣೆ ಗುಟ್ಟಾಗಿಯೂ ಉಳಿಯುವುದಿಲ್ಲ. 2019ರಲ್ಲಿ ಚಂದ್ರನ ಕಕ್ಷೆ ಸೇರಿದ ಚಂದ್ರಯಾನ-2ರ ಆರ್ಬಿಟರ್, ಸುಮಾರು 100 ಕಿ.ಮೀ. ಎತ್ತರದಲ್ಲಿ ಎರಡು ಗಂಟೆಗೊಮ್ಮೆ ಚಂದ್ರನನ್ನು ಸುತ್ತುವಂಥದ್ದು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ದೊಡ್ಡ ಆಂಟೆನಾಗಳು ಇಂಥ ನೌಕೆಗಳ ಸಂಕೇತ ಹಿಡಿಯುತ್ತವೆ. ಚಂದ್ರ ಸ್ವಲ್ಪ ದಪ್ಪಗಾದರೂ ಈ ಸುತ್ತಿನ ಲೆಕ್ಕ ತಪ್ಪುತ್ತದೆ. ಆರು ಪಟ್ಟಾದರೆ ಆರ್ಬಿಟರ್ ಚಂದ್ರನಿಗೇ ಅಪ್ಪಳಿಸುತ್ತದೆ.

ಕೊನೆಯಲ್ಲಿ ಇನ್ನೊಂದು ತಮಾಷೆ. ಆಗಷ್ಟೇ ಹುಟ್ಟಿದ ಮರಿ ಹಾರಿಹೋಗುವ ಮೊದಲು ಹಳೆಯದರಷ್ಟೇ ದೊಡ್ಡ ಮೊಟ್ಟೆ ಇಡುತ್ತದೆ! ಹುಟ್ಟಿದ ದಿನವೇ ಮೊಟ್ಟೆಯಿಡುವ ಕೋಳಿಮರಿ ಸಿಕ್ಕರೆ ನಮಗೂ ಹೇಳಿ.

ನಗಬಹುದು. ಆದರೆ ಗ್ರಹಣದ ದಿನ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿ, 'ಚಂದ್ರನ ಸೆಳೆತ ನೋಡಿ' ಎಂದು ನಾವು ಹಂಚುವ ವಿಡಿಯೊದಲ್ಲಿರುವುದೂ ಇದೇ ಕಲ್ಪನೆ: ಚಂದ್ರನಿಗೆ ಇದ್ದಕ್ಕಿದ್ದಂತೆ ಹೆಚ್ಚು ಬಲ ಬರುತ್ತದೆ ಎಂಬುದು. ಗ್ರಹಣದಲ್ಲಿ ಅಡ್ಡ ಬರುವುದು ನೆರಳು. ಚಂದ್ರನ ತೂಕ ಒಂದು ಗ್ರಾಮೂ ಬದಲಾಗುವುದಿಲ್ಲ. ಗ್ರಹಣ ಇಲ್ಲದ ಯಾವುದಾದರೂ ಮಂಗಳವಾರ, ಬುಡ ಸಮತಟ್ಟಾಗಿರುವ ಒನಕೆಯನ್ನು ನಿಧಾನಕ್ಕೆ ನಿಲ್ಲಿಸಿ ನೋಡಿ. ನಿಲ್ಲುತ್ತದೆ. ಆ ವಿಡಿಯೊವನ್ನೂ ಅದೇ ಗ್ರೂಪಿಗೆ ಕಳಿಸಿ.