ಡಾಂಗಲ್ ಇದ್ದರೂ ತೆರೆಯದ ತಂತ್ರಾಂಶ

ಸ್ಥಳೀಯ ತಂತ್ರಜ್ಞರಿಂದ ಫಾಕ್ಸ್‌ಪ್ರೊದಲ್ಲಿ ಬರೆಸಿಕೊಂಡ ಬಿಲ್ಲಿಂಗ್ ಹಾಗೂ ದಾಸ್ತಾನು ತಂತ್ರಾಂಶಗಳನ್ನು ನಮ್ಮ ಸದಸ್ಯರಲ್ಲಿ ಕೆಲವರು ಇಂದಿಗೂ ಬಳಸುತ್ತಿದ್ದಾರೆ. ನಕಲನ್ನು ತಡೆಯಲು ಅವುಗಳಿಗೆ ಡಾಂಗಲ್ ಎಂಬ ಬೀಗವನ್ನು ಅಳವಡಿಸಿರುವುದುಂಟು. ಡಾಂಗಲ್ ಸಿಕ್ಕಿಸಿದ್ದರೂ ತಂತ್ರಾಂಶ ತೆರೆಯದಿದ್ದಾಗ ಬೀಗವೇ ಕೆಟ್ಟಿತೆಂದು ಭಾವಿಸುವುದು ಸಹಜ. ಆದರೆ ಅದೇ ಕಡತವನ್ನು, ಅದೇ ಡಾಂಗಲ್‌ನೊಡನೆ, ಹಳೆಯ ಗಣಕಯಂತ್ರದಲ್ಲಿ ಮೊದಲು ತೆರೆದು ನೋಡತಕ್ಕದ್ದು.

ಅಲ್ಲಿಯೂ ತೆರೆಯದೆ, ಹಿಂದಿನ ಆವೃತ್ತಿ ಮಾತ್ರ ತೆರೆದರೆ, ದೋಷವು ಹೊಸ ಆವೃತ್ತಿಗೆ ಬೀಗ ಹಾಕಿದ ಕ್ರಮದಲ್ಲಿರುವ ಸಂಭವ ಹೆಚ್ಚು. ರಕ್ಷಣಾ ತಂತ್ರಾಂಶವು ಇ.ಎಕ್ಸ್.ಇ. ಕಡತವನ್ನು ಗೂಢಲಿಪಿಗೆ ಪರಿವರ್ತಿಸಿ ಅದಕ್ಕೊಂದು ಹೊದಿಕೆ ಹಾಕುತ್ತದೆ. ಡಾಂಗಲ್‌ನಿಂದ ಸರಿಯಾದ ಉತ್ತರ ಬಂದ ಮೇಲೆಯೇ ಹೊದಿಕೆ ತೆರೆದುಕೊಳ್ಳುತ್ತದೆ. ವಿಷುಯಲ್ ಫಾಕ್ಸ್‌ಪ್ರೊ ಕಡತದ ರಚನೆಯಾದರೋ ಸಾಮಾನ್ಯವಾದುದಲ್ಲ. ಅದರ ಮುಂಭಾಗದಲ್ಲಿ ಚಾಲನೆ ನೀಡುವ ಸಣ್ಣ ತುಣುಕು ಮಾತ್ರವಿದ್ದು, ನಿಜವಾದ ಪ್ರೋಗ್ರಾಂ ಬಾಲದಂತೆ ಕೊನೆಯಲ್ಲಿ ಜೋಡಣೆಯಾಗಿರುತ್ತದೆ. ಹೊದಿಕೆಯು ಬಾಲವನ್ನು ಕೈಬಿಟ್ಟರೆ ಅಥವಾ ಅದರ ಸ್ಥಾನವನ್ನು ಬದಲಿಸಿದರೆ ಬೀಗ ತೆರೆದರೂ ಒಳಗೆ ಏನೂ ಸಿಗದು. ಇದನ್ನು ತಂತ್ರಾಂಶ ಬರೆದವರೇ ಸರಿಪಡಿಸಬೇಕು.

ಹಳೆಯ ಯಂತ್ರದಲ್ಲಿ ತೆರೆದು ಹೊಸದರಲ್ಲಿ ತೆರೆಯದಿದ್ದರೆ ವಿಚಾರವೇ ಬೇರೆ. ಡಾಸ್ ಕಾಲದ 16 ಬಿಟ್ ಕಡತಗಳನ್ನು 64 ಬಿಟ್ ವಿಂಡೋಸ್ ನಡೆಸುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿದೆ. ಕಡತ ಸರಿಯಿದ್ದರೂ ಬೀಗದ ಡ್ರೈವರ್ ಹಳತಾಗಿರಬಹುದು. 2015ರಲ್ಲಿ ಸೇಫ್‌ಡಿಸ್ಕ್ ಎಂಬ ರಕ್ಷಣೆಯ ಡ್ರೈವರನ್ನು ಮೈಕ್ರೋಸಾಫ್ಟ್ ಭದ್ರತಾ ಕಾರಣಕ್ಕಾಗಿ ಸ್ಥಗಿತಗೊಳಿಸಿದಾಗ, ಹಣ ತೆತ್ತು ಕೊಂಡ ಆಟದ ಸಿ.ಡಿ.ಗಳೂ ಓಡದಾದವು. ಪ್ರಾಮಾಣಿಕ ಗ್ರಾಹಕನೇ ಹೊರಗುಳಿದದ್ದು ವಿಪರ್ಯಾಸ. ಆದ್ದರಿಂದ ಬೀಗದ ತಯಾರಕರಿಂದಲೇ ಹೊಸ ಡ್ರೈವರ್ ಪಡೆಯುವುದು ಕ್ಷೇಮಕರ. ಇನ್ನು ಆಂಟಿವೈರಸ್, ಹೊದಿಕೆಯುಳ್ಳ ಕಡತವನ್ನು ವೈರಸ್ಸೆಂದೇ ಶಂಕಿಸಿ ಪ್ರತ್ಯೇಕಿಸುವುದುಂಟು. ಸರಬರಾಜುದಾರರಿಂದ ಖಚಿತಪಡಿಸಿಕೊಂಡು ಆ ಒಂದು ಕಡತಕ್ಕೆ ಮಾತ್ರ ವಿನಾಯಿತಿ ನೀಡಬೇಕೇ ಹೊರತು ಆಂಟಿವೈರಸ್ಸನ್ನೇ ನಿಲ್ಲಿಸಬಾರದು.

ಬೀಗ ಮುರಿದ ‘ಕ್ರ್ಯಾಕ್’ ಪ್ರತಿಯನ್ನು ತಂದುಕೊಡುವವರು ಪೇಟೆಯಲ್ಲಿದ್ದಾರೆ. ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ರಕ್ಷಣೆಯನ್ನು ಭೇದಿಸುವುದು, 2012ರಲ್ಲಿ ಸೇರಿಸಲಾದ 65ಎ ಕಲಮಿನ ಪ್ರಕಾರ, ಎರಡು ವರ್ಷಗಳವರೆಗಿನ ಸೆರೆವಾಸ ಹಾಗೂ ದಂಡಕ್ಕೆ ಗುರಿಯಾಗುವ ಅಪರಾಧ.

ತಂತ್ರಾಂಶ ತೆರೆಯಲಿಲ್ಲವೆಂಬ ಕಾರಣಕ್ಕೆ ಲೆಕ್ಕ ಒದಗಿಸುವ ಹೊಣೆಯೇನೂ ತಪ್ಪುವುದಿಲ್ಲ. ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನಂತೆ, ವಾರ್ಷಿಕ ರಿಟರ್ನಿನ ನಿಗದಿತ ದಿನಾಂಕದಿಂದ 72 ತಿಂಗಳು ದಾಖಲೆಗಳನ್ನು ಕಾಯ್ದಿರಿಸಬೇಕು. ಕಂಪನಿಗಳಾದರೆ ಎಂಟು ಆರ್ಥಿಕ ವರ್ಷಗಳು. ಸಮಾಧಾನದ ಸಂಗತಿಯೆಂದರೆ, ಫಾಕ್ಸ್‌ಪ್ರೊ ದತ್ತಾಂಶವು ಡಿ.ಬಿ.ಎಫ್. ಕಡತಗಳಲ್ಲಿ ಬೇರೆಯಾಗಿಯೇ ಇರುತ್ತದೆ. ಅದಕ್ಕೂ ಗೂಢಲಿಪಿ ಹಾಕಿರದಿದ್ದರೆ ಎಕ್ಸೆಲ್‌ನಲ್ಲಿ ತೆರೆದು ಓದಬಹುದು. ಹಳೆಯ ಯಂತ್ರವನ್ನು ವಿನಿಮಯಕ್ಕೆ ಕೊಡುವ ಮುನ್ನವೇ ಈ ಕಡತಗಳ ಪ್ರತಿ ತೆಗೆದು, ಖಾತಾವಹಿ ಮತ್ತು ದಾಸ್ತಾನು ವರದಿಗಳನ್ನು ಪಿ.ಡಿ.ಎಫ್. ರೂಪದಲ್ಲಿ ಉಳಿಸಿಕೊಂಡು, ಒಂದು ತಿಂಗಳ ಮೊತ್ತವನ್ನಾದರೂ ಸಲ್ಲಿಸಿದ ರಿಟರ್ನಿನೊಡನೆ ತಾಳೆ ನೋಡಿಕೊಳ್ಳತಕ್ಕದ್ದು.