ಪ್ರಾರ್ಥನೆ ಮಾಡಿದರೆ ತೂಕ ಇಳಿಯುತ್ತಾ?

ಜನವರಿ ಬಂತು ಅಂದ್ರೆ ನಾನಿರುವ ಟೆಕ್ಸಸ್‌ನಲ್ಲಿ ಜಿಮ್‌ಗಳ ಜೊತೆ ಚರ್ಚ್‌ಗಳೂ ತೂಕ ಇಳಿಸುವ ಕ್ಲಾಸಿನ ಬೋರ್ಡ್ ಹಾಕುತ್ತವೆ. ವಾರಕ್ಕೊಂದು ಸಂಜೆ, ಒಟ್ಟು ಹನ್ನೆರಡು ವಾರ. ಬೈಬಲ್ ಓದು, ಪ್ರಾರ್ಥನೆ, ತಿಂದದ್ದನ್ನೆಲ್ಲ ಬರೆಯುವ ಡೈರಿ, ಕೊನೆಗೆ ತೂಕದ ಯಂತ್ರ. ನಮ್ಮಲ್ಲಿ ಏಕಾದಶಿ ಮಾಡುವವರನ್ನು ನೋಡಿ ಬೆಳೆದ ನನಗೆ ದೇವರಿಗೂ ಊಟಕ್ಕೂ ನಂಟು ಹೊಸದಲ್ಲ. ಆದರೆ ದೇವರಿಗೂ ಸೊಂಟದ ಸುತ್ತಳತೆಗೂ ನಂಟು ಹಾಕಿದ್ದನ್ನು ನೋಡಿದ್ದು ಇಲ್ಲೇ.

ಈ ವಿಷಯದಲ್ಲಿ ನನಗೆ ಆಸಕ್ತಿ ಬರಲು ಒಂದು ಸ್ವಾರ್ಥದ ಕಾರಣವೂ ಇದೆ. ಎತ್ತರ 172 ಸೆಂ.ಮೀ., ತೂಕ 84 ಕೆ.ಜಿ., ಕಳೆದ ವರ್ಷದ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 5.9. ಡಯಾಬಿಟೀಸ್ ಅಲ್ಲ, ಅದರ ಹೊಸಿಲು. ದಿನಕ್ಕೆ ಹತ್ತು ಗಂಟೆ ಕುರ್ಚಿ ಬಿಟ್ಟೇಳದ ಮೂವತ್ತರ ಸಾಫ್ಟ್‌ವೇರ್ ಹುಡುಗರಲ್ಲಿ ಇದೇನು ಅಪರೂಪ ಅಲ್ಲ ಬಿಡಿ. ತೂಕದಲ್ಲಿ ಶೇಕಡಾ 7ರಷ್ಟು ಇಳಿಸಿ ಸಾಕು ಅಂದ್ರು ಡಾಕ್ಟರ್. ಅಂದರೆ ಸುಮಾರು 6 ಕೆ.ಜಿ. ಇದನ್ನು ಲಂಚ್ ಟೇಬಲ್ಲಿನಲ್ಲಿ ಹೇಳಿದಾಗ, ನಮ್ಮ ಟೀಮಿನ ಟೆಸ್ಟ್ ಲೀಡ್ ಮೇಡಂ, ನಲವತ್ತೈದರ ಹೆಂಗಸು, ಬ್ಯಾಪ್ಟಿಸ್ಟ್ ಮನೆತನದವರು, 'ನಮ್ಮ ಚರ್ಚಿನ ಗುಂಪಿಗೆ ಬಾ, ನೀನು ಪ್ರಾರ್ಥನೆ ಮಾಡಬೇಕು ಅಂತೇನಿಲ್ಲ' ಅಂದ್ರು. ನಾನು ಹೋಗಲಿಲ್ಲ. ಆದರೆ ಇವುಗಳ ಇತಿಹಾಸ ಮಾತ್ರ ಹುಡುಕಿ ಹುಡುಕಿ ಓದಿದೆ.

ಇದು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಚಾರ್ಲಿ ಶೆಡ್ ಅನ್ನೋ ಪ್ರೆಸ್ಬಿಟೇರಿಯನ್ ಪಾದ್ರಿ 1957ರಲ್ಲೇ 'ಪ್ರೇ ಯುವರ್ ವೇಯ್ಟ್ ಅವೇ' ಅಂತ ಪುಸ್ತಕ ಬರೆದರು. ಪ್ರಾರ್ಥಿಸಿ ತೂಕ ಕಳೆಯಿರಿ ಅಂತ ಅರ್ಥ. ಸ್ವತಃ ಬಹಳಷ್ಟು ತೂಕ ಇಳಿಸಿದ್ದ ಮನುಷ್ಯ. ಮೈಮೇಲಿನ ಹೆಚ್ಚುವರಿ ಕೊಬ್ಬು ಅಂದರೆ ದೇವರಿಂದ ದೂರವಾದ ಗುರುತು ಅನ್ನುವುದು ಅವರ ವಾದದ ತಿರುಳು. 1970ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಪಾದ್ರಿಯೊಬ್ಬರ ಹೆಂಡತಿ ಕ್ಯಾರೊಲ್ ಶೋವಾಲ್ಟರ್ '3ಡಿ' ಅನ್ನುವ ಗುಂಪು ಕಟ್ಟಿದರು. 1981ರಲ್ಲಿ ನಮ್ಮ ಟೆಕ್ಸಸ್‌ನದೇ ಹ್ಯೂಸ್ಟನ್‌ನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ 'ಫಸ್ಟ್ ಪ್ಲೇಸ್' ಹುಟ್ಟಿತು. ಹೆಸರು ಬದಲಿಸಿಕೊಂಡು ಅದು ಮುಂದೆ ಊರೂರಿಗೆ ಹಬ್ಬಿತು. ಈ ಇಡೀ ಕಥೆಯನ್ನು ಮಾರಿ ಗ್ರಿಫಿತ್ ಅನ್ನುವ ಇತಿಹಾಸಕಾರ್ತಿ 2004ರಲ್ಲಿ 'ಬಾರ್ನ್ ಅಗೇನ್ ಬಾಡೀಸ್' ಪುಸ್ತಕದಲ್ಲಿ ಬರೆದಿದ್ದಾರೆ. ಡಯಟ್ ಅಂದ್ರೆ ಬರೀ ಕ್ಯಾಲೊರಿ ಅಂದುಕೊಂಡವರು ಓದಬೇಕಾದ ಪುಸ್ತಕ.

ಇವರಲ್ಲೆಲ್ಲ ದೊಡ್ಡ ಹೆಸರು ಮಾಡಿದ್ದು ಟೆನೆಸ್ಸಿಯ ಗ್ವೆನ್ ಶ್ಯಾಂಬ್ಲಿನ್. ಓದಿದ್ದು ಆಹಾರಶಾಸ್ತ್ರ. 1986ರಲ್ಲಿ 'ವೇಯ್ ಡೌನ್ ವರ್ಕ್‌ಶಾಪ್' ಶುರು ಮಾಡಿದರು. ಅವರ ಸೂತ್ರ ಕೇಳಿದರೆ ಯಾರಿಗಾದರೂ ಖುಷಿಯಾಗಬೇಕು. ಯಾವುದೂ ಬಿಡಬೇಕಿಲ್ಲ, ಕ್ಯಾಲೊರಿ ಎಣಿಸಬೇಕಿಲ್ಲ, ವ್ಯಾಯಾಮದ ಒತ್ತಾಯವೂ ಇಲ್ಲ. ಹೊಟ್ಟೆ ಗುರ್ ಅನ್ನುವವರೆಗೆ ಕಾಯಿರಿ, ತಿನ್ನಿ, ಹೊಟ್ಟೆ ತುಂಬಿತು ಅನ್ನಿಸಿದ ತಕ್ಷಣ ನಿಲ್ಲಿಸಿ. ಹೊಟ್ಟೆ ಹಸಿಯದೆ ಮನಸ್ಸು ಹಸಿದರೆ ಫ್ರಿಜ್ ಕಡೆ ಹೋಗಬೇಡಿ, ದೇವರ ಕಡೆ ತಿರುಗಿ. 1997ರಲ್ಲಿ ಬಂದ ಅವರ ಪುಸ್ತಕ ಹತ್ತು ಲಕ್ಷಕ್ಕಿಂತ ಹೆಚ್ಚು ಮಾರಾಟವಾಯಿತು, ಸಾವಿರಾರು ಚರ್ಚ್‌ಗಳಲ್ಲಿ ಕ್ಲಾಸ್ ನಡೆಯಿತು.

ಇದರಲ್ಲಿ ಅರ್ಧ ಭಾಗ ನಿಜಕ್ಕೂ ಒಳ್ಳೆ ಬುದ್ಧಿಮಾತು. ಸ್ಪ್ರಿಂಟ್ ಮುಗಿಯುವ ದಿನ, ರಾತ್ರಿ ಹನ್ನೊಂದಕ್ಕೆ ಚಿಪ್ಸ್ ಪೊಟ್ಟಣ ಹರಿಯುವಾಗ ನಮಗೆ ಹಸಿವು ಇರುತ್ತಾ? ಇರಲ್ಲ. ಇನ್ನರ್ಧದಲ್ಲಿದೆ ತೊಂದರೆ. ದಪ್ಪಗಿರುವುದು ಅಂದರೆ ಮಾತು ಕೇಳದಿರುವುದು, ಸಣ್ಣಗಾಗುವುದು ಅಂದರೆ ವಿಧೇಯತೆ ಅಂತ ಒಪ್ಪಿಕೊಂಡ ಮೇಲೆ ತೂಕದ ಯಂತ್ರ ಬರೀ ಯಂತ್ರವಾಗಿ ಉಳಿಯಲ್ಲ. ಶ್ಯಾಂಬ್ಲಿನ್ 1999ರಲ್ಲಿ ತಮ್ಮದೇ ಚರ್ಚ್ ಕಟ್ಟಿದರು. ಮರುವರ್ಷ ಕ್ರೈಸ್ತರ ತ್ರಿತ್ವ ಸಿದ್ಧಾಂತವನ್ನೇ ಪ್ರಶ್ನಿಸಿದಾಗ ಅನೇಕ ಚರ್ಚ್‌ಗಳು ಅವರಿಂದ ದೂರ ಸರಿದವು. 2021ರ ಮೇ ತಿಂಗಳಲ್ಲಿ ವಿಮಾನ ಅಪಘಾತದಲ್ಲಿ ಅವರೂ ಸೇರಿ ಏಳು ಜನ ತೀರಿಕೊಂಡರು. ಅದೇ ವರ್ಷ ಎಚ್‌ಬಿಒ ಮ್ಯಾಕ್ಸ್‌ನಲ್ಲಿ ಬಂದ 'ದಿ ವೇ ಡೌನ್' ಸಾಕ್ಷ್ಯಚಿತ್ರದಲ್ಲಿ, ಆ ಚರ್ಚ್ ಬಿಟ್ಟು ಬಂದವರು ತಮ್ಮ ಊಟ, ಮದುವೆ, ದುಡ್ಡು ಎಲ್ಲದರ ಮೇಲೂ ಹಿಡಿತವಿತ್ತು ಅಂತ ಹೇಳಿಕೊಂಡಿದ್ದಾರೆ. ರಾತ್ರಿ ಒಬ್ಬನೇ ಕೂತು ನೋಡಿದೆ. ತೂಕದ ಕ್ಲಾಸ್ ಎಲ್ಲಿಂದ ಎಲ್ಲಿಗೆ ಹೋಗಬಹುದಪ್ಪ ಅನ್ನಿಸಿತು.

ಇನ್ನೊಂದು ಕಡೆ 'ಡೇನಿಯಲ್ ಪ್ಲಾನ್' ಇದೆ. ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನ ಪಾದ್ರಿ ರಿಕ್ ವಾರೆನ್ ಒಂದೇ ದಿನ 800ಕ್ಕೂ ಹೆಚ್ಚು ಜನರಿಗೆ ದೀಕ್ಷಾಸ್ನಾನ ಮಾಡಿಸಿದರಂತೆ. ಒಬ್ಬೊಬ್ಬರನ್ನೂ ನೀರಿಗಿಳಿಸಿ ಎತ್ತುವಾಗ ಜನ ಎಷ್ಟು ಭಾರ ಇದ್ದಾರೆ ಅಂತ ಗೊತ್ತಾಯಿತು, ಆಮೇಲೆ ತಾನೂ ಕಮ್ಮಿಯಿಲ್ಲ ಅನ್ನುವುದೂ ಹೊಳೆಯಿತು. ಅವರೇ ಹೇಳಿಕೊಂಡ ಕಥೆ ಇದು. 2011ರ ಜನವರಿಯಲ್ಲಿ ಮಾರ್ಕ್ ಹೈಮನ್, ಡೇನಿಯಲ್ ಆಮೆನ್, ಟಿವಿಯ ಮೆಹ್ಮೆತ್ ಆಜ್ ಈ ಮೂವರು ವೈದ್ಯರನ್ನು ಕರೆಸಿ ಯೋಜನೆ ಶುರು ಮಾಡಿದರು. ಮೊದಲ ವರ್ಷ 15,000 ಜನ ಸೇರಿ 2,50,000 ಪೌಂಡ್ ಇಳಿಸಿದರು ಅನ್ನುವುದು ಚರ್ಚಿನ ಲೆಕ್ಕ. ಕ್ಯಾಲ್ಕುಲೇಟರ್ ಒತ್ತಿದರೆ ತಲೆಗೆ ಸುಮಾರು ಏಳೂವರೆ ಕೆ.ಜಿ. ಕಡಿಮೆಯೇನಲ್ಲ. ಆದರೆ ನಮ್ಮ ಕೆಲಸದಲ್ಲಿ ಇಂಥ ಡ್ಯಾಶ್‌ಬೋರ್ಡ್ ನೋಡಿದ ಕೂಡಲೇ ಕೇಳುವ ಪ್ರಶ್ನೆ ಒಂದಿದೆಯಲ್ಲ: ಅರ್ಧಕ್ಕೇ ಬಿಟ್ಟುಹೋದವರು ಈ ಸಂಖ್ಯೆಯಲ್ಲಿ ಎಲ್ಲಿದ್ದಾರೆ? ಎರಡು ವರ್ಷದ ಮೇಲೆ ಇದೇ ಜನರನ್ನು ಮತ್ತೆ ತೂಗಿದರೆ ಎಷ್ಟು ಬರುತ್ತೆ? ಅದೇ ಚರ್ಚ್ ಹೇಳುವ ಇನ್ನೊಂದು ಮಾತು ನನಗೆ ಹೆಚ್ಚು ನಂಬಿಕೆಗೆ ಬಂತು. ಒಬ್ಬೊಬ್ಬರೇ ಮಾಡಿದವರಿಗಿಂತ ಗುಂಪಿನಲ್ಲಿ ಮಾಡಿದವರು ಸುಮಾರು ಎರಡರಷ್ಟು ಇಳಿಸಿದರಂತೆ.

ಹೆಸರು ಬಂದಿದ್ದು ಬೈಬಲಿನ ದಾನಿಯೇಲನಿಂದ. ಬಾಬಿಲೋನಿನ ರಾಜ ನೆಬೂಕದ್ನೆಚ್ಚರನ ಆಸ್ಥಾನದಲ್ಲಿ ಸೆರೆಯಾಳಾಗಿದ್ದ ದಾನಿಯೇಲ ಮತ್ತು ಮೂವರು ಗೆಳೆಯರು, ರಾಜಭೋಜನ ಬೇಡ, ಹತ್ತು ದಿನ ಬರೀ ಕಾಯಿಪಲ್ಯ, ನೀರು ಕೊಟ್ಟು ನೋಡಿ ಅಂತ ಕೇಳುತ್ತಾರೆ. ಇದರಲ್ಲಿ ಒಂದು ತಮಾಷೆ ಇದೆ. ಹತ್ತು ದಿನ ಕಳೆದ ಮೇಲೆ ಅವರು ಸಣ್ಣಗಾಗಲಿಲ್ಲ, ರಾಜನ ಊಟ ಉಂಡವರಿಗಿಂತ ಮೈಕೈ ತುಂಬಿಕೊಂಡು ಕಂಡರು ಅನ್ನುತ್ತೆ ಬೈಬಲ್! ಅವರ ಹಟ ಇದ್ದದ್ದು ತಮ್ಮ ಧರ್ಮಕ್ಕೆ ಹೊಲಸಾಗುವ ಊಟ ಬೇಡ ಅಂತ, ತೂಕದ ಮಾತೇ ಅಲ್ಲಿಲ್ಲ.

ಮಂಗಳೂರಿನ ಕೆಥೊಲಿಕ್ ಮನೆಯ ನನ್ನ ಹಳೇ ರೂಮ್‌ಮೇಟ್‌ಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವನಿಗೆ ನಗು ತಡೆಯಲಿಲ್ಲ. 'ನಮ್ಮಲ್ಲಿ ತಪಸ್ಸು ಕಾಲದಲ್ಲಿ ಮಾಂಸ ಬಿಡುವುದು ಪ್ಯಾಂಟಿನ ಸೈಜಿಗೆ ಅಲ್ಲ ಮಾರಾಯ. ಉಳಿದ ದುಡ್ಡು ಬಡವರಿಗೆ ಹೋಗ್ಬೇಕು ಅಂತ ಅಮ್ಮ ಡಬ್ಬಿಗೆ ಹಾಕಿಸ್ತಿದ್ರು. ಈಸ್ಟರ್ ದಿನ ಮತ್ತೆ ಎಲ್ಲ ಒಟ್ಟಿಗೆ ತಿನ್ನುದು ಉಂಟಲ್ಲ!' ಅಂದ. ನಮ್ಮ ಶಿವರಾತ್ರಿ ಉಪವಾಸ ಏನು ಕಮ್ಮಿ? ಅನ್ನ ಒಂದು ಬಿಟ್ಟು ಅವಲಕ್ಕಿ, ಸಾಬಕ್ಕಿ, ಬಾಳೆಹಣ್ಣಿನ ರಸಾಯನ. ಕ್ಯಾಲೊರಿ ಲೆಕ್ಕ ಹಾಕಿದರೆ ಉಪವಾಸ ಇಲ್ಲದ ದಿನವೇ ವಾಸಿ.

ಹಾಗಾದರೆ ಸಂಶೋಧನೆ ಏನನ್ನುತ್ತೆ? 2010ರಲ್ಲಿ ಮೆಂಫಿಸ್ ವಿಶ್ವವಿದ್ಯಾಲಯದವರು 43 ಜನರಿಂದ 21 ದಿನ 'ಡೇನಿಯಲ್ ಫಾಸ್ಟ್' ಮಾಡಿಸಿದರು. ಮಾಂಸ, ಹಾಲು, ಸಕ್ಕರೆ, ಕಾಫಿ, ಮದ್ಯ ಇಲ್ಲ. ಕಾಳು, ತರಕಾರಿ, ಹಣ್ಣು, ಇಡೀ ಧಾನ್ಯ ಬೇಕಾದಷ್ಟು. ಕೊಲೆಸ್ಟ್ರಾಲ್ ಚೆನ್ನಾಗಿ ಇಳಿಯಿತು, ಆದರೆ ಒಳ್ಳೆಯದು ಅನ್ನುವ ಎಚ್‌ಡಿಎಲ್ ಕೂಡ ಜೊತೆಗೇ ಇಳಿಯಿತು. ತೂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಅಂದರೆ ಸೊಪ್ಪು ಕಾಳಿನಿಂದ ರಕ್ತ ಸುಧಾರಿಸಿತು ಅನ್ನಬಹುದೇ ಹೊರತು ಪ್ರಾರ್ಥನೆಯಿಂದ ತೂಕ ಇಳಿಯಿತು ಅನ್ನೋಕೆ ಇದು ಪುರಾವೆ ಅಲ್ಲ.

ಉಲ್ಟಾ ಸುದ್ದಿಯೂ ಇದೆ. 2011ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2,433 ಜನರನ್ನು 18 ವರ್ಷ ಗಮನಿಸಿದ ಲೆಕ್ಕ ಕೊಟ್ಟರು. ಹರೆಯದಲ್ಲಿ ಧಾರ್ಮಿಕ ಕೂಟಗಳಿಗೆ ಪದೇಪದೇ ಹೋಗುತ್ತಿದ್ದವರು ನಡುವಯಸ್ಸಿಗೆ ಬೊಜ್ಜಿಗೆ ಬೀಳುವ ಸಂಭವ ಉಳಿದವರಿಗಿಂತ ಶೇಕಡಾ 50 ಹೆಚ್ಚು. ಕಾರಣ ಖಚಿತವಾಗಿಲ್ಲ, ಕೂಟದ ಊಟವೇ ಇರಬಹುದು ಅನ್ನುವುದೊಂದು ಊಹೆ. ನನಗಂತೂ ಅನುಮಾನ ಬರಲಿಲ್ಲ. ಇಲ್ಲಿನ ಕನ್ನಡ ಸಂಘದ ಯುಗಾದಿಯಲ್ಲಿ ಮೂರನೇ ಹೋಳಿಗೆಗೆ ತುಪ್ಪ ಹಾಕಿಸಿಕೊಂಡವನಿಗೆ ಅಧ್ಯಯನ ಬೇರೆ ಬೇಕೆ?

ಧರ್ಮದ ಜೊತೆ ಊಟ ನಿಜಕ್ಕೂ ಕೂಡಿಬಂದ ಉದಾಹರಣೆ ಬೇಕಾದರೆ ಸೆವೆಂತ್ ಡೇ ಅಡ್ವೆಂಟಿಸ್ಟರನ್ನು ನೋಡಬೇಕು. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ಅವರದೇ ವಿಶ್ವವಿದ್ಯಾಲಯವಿದೆ. ಅಲ್ಲಿನವರು ಸುಮಾರು 96,000 ಅಡ್ವೆಂಟಿಸ್ಟರನ್ನು ಸೇರಿಸಿಕೊಂಡು ಮಾಡುತ್ತಿರುವ ಅಧ್ಯಯನದಲ್ಲಿ, ಪ್ರಾಣಿಜನ್ಯ ಏನನ್ನೂ ತಿನ್ನದವರ ಸರಾಸರಿ ಬಿಎಂಐ 23.6, ಮಾಂಸ ತಿನ್ನುವವರದು 28.8. ಗಮನಿಸಿ, ಇಬ್ಬರೂ ಅದೇ ದೇವರಿಗೆ ಪ್ರಾರ್ಥಿಸುವವರು. ಮತ್ತೆ ಇದು ಹನ್ನೆರಡು ವಾರದ ಕ್ಲಾಸಲ್ಲ, ಎಷ್ಟೋ ಜನಕ್ಕೆ ಚಿಕ್ಕಂದಿನಿಂದ ಬಂದ ಅಡುಗೆಮನೆ. ಹಾಗೆಯೇ ಅಮೆರಿಕದ ಕಪ್ಪು ಜನರ ಚರ್ಚ್‌ಗಳಲ್ಲಿ ಹಣ್ಣು, ತರಕಾರಿ ತಿನ್ನಿಸಲು 'ಬಾಡಿ ಅಂಡ್ ಸೋಲ್' ಅನ್ನುವ ಕಾರ್ಯಕ್ರಮ ನಡೆದಿದೆ, ಹಿಂದೆ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಂಥವು ಇದ್ದವು. ಜನ ತರಕಾರಿ ಹೆಚ್ಚು ತಿಂದರು. ಅಲ್ಲಿ ಯಾರನ್ನೂ ಪಾಪಿ ಅನ್ನಲಿಲ್ಲ, ಪಾದ್ರಿ ಮಾತಾಡಿದರು, ಚರ್ಚಿನ ಅಡುಗೆ ಬದಲಾಯಿತು, ಪರಿಚಯದವರು ಫೋನ್ ಮಾಡಿ ವಿಚಾರಿಸಿಕೊಂಡರು.

ಇನ್ನು ನಮ್ಮ ಟೆಸ್ಟ್ ಲೀಡ್ ವಿಷಯ. ಬರೆಯಬಹುದಾ ಅಂತ ಕೇಳಿದ್ದೆ, ಹೆಸರು ಹಾಕದಿದ್ದರೆ ಬರಿ ಅಂದ್ರು. ಮೊದಲ ಹನ್ನೆರಡು ವಾರದಲ್ಲಿ ಅವರು 14 ಪೌಂಡ್, ಅಂದರೆ ಆರು ಕೆ.ಜಿ. ಮೇಲೆ ಇಳಿಸಿದರು. ಗುಂಪಿನವರೆಲ್ಲ ಚಪ್ಪಾಳೆ ತಟ್ಟಿ ದೇವರಿಗೆ ಸ್ತೋತ್ರ ಹೇಳಿದರಂತೆ. ನವೆಂಬರ್, ಡಿಸೆಂಬರ್ ಹಬ್ಬಗಳು ಮುಗಿಯುವಷ್ಟರಲ್ಲಿ ಅಷ್ಟೂ ವಾಪಸ್ ಬಂತು. ಡಯಟ್ ಮಾಡಿದವರಿಗೆ ಇದು ಗೊತ್ತಿರುವ ಕಥೆಯೇ, ದೇಹ ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ಹಸಿವನ್ನು ಹೆಚ್ಚಿಸುತ್ತೆ. ಬೇರೆ ಡಯಟ್ ಆಗಿದ್ದರೆ ಆ್ಯಪ್ ಡಿಲೀಟ್ ಮಾಡಿ ಸುಮ್ಮನಾಗುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. 'ಇಳಿದಾಗ ದೇವರು ಇಳಿಸಿದ, ಏರಿದಾಗ ನಾನು ಏರಿಸಿಕೊಂಡೆ' ಅಂತ ಅವರು ಅಂದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಕ್ಲಾಸ್ ಬಿಟ್ಟರು. ಆಮೇಲೆ ಭಾನುವಾರದ ಚರ್ಚಿಗೂ ಹೋಗುವುದು ಬಿಟ್ಟರು, ಅಲ್ಲಿ ಅದೇ ಮುಖಗಳು ಇರುತ್ತವಲ್ಲ ಅಂತ. ಇಪ್ಪತ್ತು ವರ್ಷದ ಸ್ನೇಹಿತರು ಅವರೆಲ್ಲ.

ಅದಕ್ಕಿಂತ ಗಂಭೀರವಾದದ್ದು ಔಷಧಿಯ ವಿಷಯ. ಅವರಿಗೆ ಆಗಲೇ ಟೈಪ್ 2 ಡಯಾಬಿಟೀಸ್ ಇತ್ತು. ಡಾಕ್ಟರ್ ವಾರಕ್ಕೊಂದು ಸೆಮಾಗ್ಲುಟೈಡ್ ಇಂಜೆಕ್ಷನ್ ಬರೆದುಕೊಟ್ಟಿದ್ದರು. ಗುಂಪು ನಡೆಸುವವರು, ಮೊದಲು ಪ್ರಾರ್ಥನೆಯನ್ನು ಪೂರ್ತಿ ನಂಬಿ ನೋಡು ಅಂದರಂತೆ. ಆ ಮನುಷ್ಯ ಡಾಕ್ಟರೂ ಅಲ್ಲ, ಡಯಟಿಷಿಯನ್ನೂ ಅಲ್ಲ. ಮೇಡಂ ಎಂಟು ತಿಂಗಳು ಇಂಜೆಕ್ಷನ್ ಶುರು ಮಾಡಲಿಲ್ಲ. ಎಂಟು ತಿಂಗಳ ಹೆಚ್ಚಿನ ಸಕ್ಕರೆ ಅಂದರೆ ಕಣ್ಣು, ಕಿಡ್ನಿ, ನರ ಎಲ್ಲಕ್ಕೂ ಪೆಟ್ಟು ಬೀಳುವ ಸಮಯ. ನಂಬಿಕೆ ಇರಲಿ, ಅದರಿಂದ ಜನರಿಗೆ ಶಿಸ್ತು ಬರುತ್ತೆ, ಜೊತೆ ಸಿಗುತ್ತೆ, ಒಪ್ಪುತ್ತೇನೆ. ಆದರೆ ಮಾತ್ರೆಯನ್ನೋ ಸೂಜಿಯನ್ನೋ ಮುಂದೂಡಿ ಅನ್ನುವ ಗುಂಪಿನಲ್ಲಿ ಒಂದು ವಾರವೂ ಇರಬಾರದು. ಅದು ಚರ್ಚ್ ಇರಲಿ, ಮಠ ಇರಲಿ, ವಾಟ್ಸ್ಆ್ಯಪ್‌ನ ಯೋಗ ಗುರು ಇರಲಿ.

ಹಾಗಂತ ಇವೆಲ್ಲ ದಂಡ ಅಂತ ನಾನು ಹೇಳಲ್ಲ. ಈಗಾಗಲೇ ಆ ನಂಬಿಕೆಯಲ್ಲಿ ಇರುವವರಿಗೆ, ಪ್ರತಿ ವಾರ ಕಾಯುವ ಹತ್ತು ಜನ ಇರುವ ಗುಂಪು ಯಾವ ಆ್ಯಪ್‌ಗಿಂತಲೂ ಮೇಲು. ತೂಕ ಇಳಿಯುವುದು ಮಾತ್ರ ತಟ್ಟೆ, ನಡಿಗೆ, ನಿದ್ದೆಗಳಿಂದಲೇ. 2002ರಲ್ಲಿ ಬಂದ ಅಮೆರಿಕದ ಡಯಾಬಿಟೀಸ್ ತಡೆ ಅಧ್ಯಯನದಲ್ಲಿ 3,234 ಜನ ಇದ್ದರು. ಶೇಕಡಾ 7 ತೂಕ ಇಳಿಸುವ, ವಾರಕ್ಕೆ 150 ನಿಮಿಷ ಓಡಾಡುವ ಗುರಿ ಕೊಟ್ಟ ಗುಂಪಿನಲ್ಲಿ ಡಯಾಬಿಟೀಸ್ ಬರುವುದು ಶೇಕಡಾ 58 ತಗ್ಗಿತು. ನಮ್ಮ ಡಾಕ್ಟರ್ ಹೇಳಿದ 7 ಬಂದದ್ದು ಇಲ್ಲಿಂದಲೇ. ಇನ್ನೊಂದು ಮಾತು, ನಮ್ಮಂಥ ಏಷ್ಯಾದ ಮೈಕಟ್ಟಿನವರಿಗೆ ಬಿಎಂಐ 23 ದಾಟಿದರೇ ಸಕ್ಕರೆ ಪರೀಕ್ಷೆ ಮಾಡಿಸಿ ಅನ್ನುತ್ತಾರೆ, 25ರವರೆಗೆ ಕಾಯಬೇಡಿ.

ಇದೇ ಮಾದರಿಯ ಒಂದು ವರ್ಷದ ಕ್ಲಾಸನ್ನು ವೈಎಂಸಿಎ ನಡೆಸುತ್ತೆ, ನಾನು ಸೇರಿದ್ದು ಅಲ್ಲಿಗೆ. ಹೆಸರಿನ ನಡುವೆ ಕ್ರಿಶ್ಚಿಯನ್ ಅಂತ ಇದೆ, ಕ್ಲಾಸಿನಲ್ಲಿ ಪ್ರಾರ್ಥನೆ ಇಲ್ಲ. ನನ್ನ ಅನ್ನ, ಸಾರು, ಪಲ್ಯವನ್ನು ಅವರ ಫುಡ್ ಲಾಗ್‌ಗೆ ಹಾಕುವುದೇ ಒಂದು ಸರ್ಕಸ್, ಬಿಸಿಬೇಳೆ ಭಾತ್ ಅಂತ ಟೈಪಿಸಿದರೆ ಏನೇನೋ ತೋರಿಸುತ್ತೆ. ಐದು ತಿಂಗಳಿಗೆ ನಾಲ್ಕು ಕೆ.ಜಿ. ಹೋಗಿದೆ.

ಮೇಡಂ ಮಾರ್ಚ್‌ನಲ್ಲಿ ಇಂಜೆಕ್ಷನ್ ಶುರು ಮಾಡಿದರು. ಮಧ್ಯಾಹ್ನ ಊಟವಾದ ಮೇಲೆ ಆಫೀಸಿನ ಪಾರ್ಕಿಂಗ್ ಸುತ್ತ ನಾವಿಬ್ಬರೂ ಇಪ್ಪತ್ತು ನಿಮಿಷ ನಡೆಯುತ್ತೇವೆ. ಹೋದ ವಾರದಿಂದ ಗುರುವಾರದ ಗುಂಪಿಗೆ ಮತ್ತೆ ಹೋಗುತ್ತಿದ್ದಾರೆ, ಬೇರೆ ಚರ್ಚಿನದು. ಬೈಬಲ್ ಓದ್ತೀನಿ, ಪ್ರಾರ್ಥನೆಗೆ ಕೂರ್ತೀನಿ, ತೂಕದ ಯಂತ್ರದ ಮೇಲೆ ಮಾತ್ರ ನಿಲ್ಲಲ್ಲ ಅಂತ ಸೇರುವಾಗಲೇ ಹೇಳಿಬಿಟ್ಟರಂತೆ. ಅವರು ಒಪ್ಪಿದ್ದಾರೆ.