ಇಳಿಯುವುದು ಬೇರೆ, ಇಳಿದುಕೊಳ್ಳುವುದು ಬೇರೆ

ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಿಟುಕು ಲೊಡಲೊಡ ಅಂದರೆ ಮಾತ್ರ ಕೊಬ್ಬರಿಯಾಗಿದೆ ಎಂದು ಒಪ್ಪುವ ಜನ ನಾವು. ಅದಕ್ಕಾಗಿ ಹತ್ತು ಹನ್ನೊಂದು ತಿಂಗಳು ಅಟ್ಟದ ಕಡೆ ನೋಡುತ್ತಾ ಕೂರುತ್ತೇವೆ. ಹರಾಜಿನ ದಿನ ತಿಪಟೂರಿನ ಎಪಿಎಂಸಿಯಲ್ಲಿ ದಲಾಲರ ಮಾತನ್ನು ನಾಲ್ಕು ಕಡೆ ವಿಚಾರಿಸದೆ ನಂಬುವುದಿಲ್ಲ. ಇಂಥವರು ಬೆಂಗಳೂರಿಗೆ ಹೊರಟರೆ ಮಾತ್ರ ಬುದ್ಧಿಯನ್ನೂ ಅಟ್ಟಕ್ಕೆ ಹಾಕಿ ಏಣಿ ತೆಗೆದುಬಿಡುತ್ತಾರೆ. ತುರುವೇಕೆರೆಯವರನ್ನು ಕೇಳಿ, ಚಿಕ್ಕನಾಯಕನಹಳ್ಳಿಯವರನ್ನು ಕೇಳಿ, ಕೆ.ಬಿ. ಕ್ರಾಸ್‌ನಲ್ಲಿ ಬಸ್ಸಿಗೆ ನಿಂತವರನ್ನು ಕೇಳಿ, ಒಂದೇ ಉತ್ತರ: "ಮೆಜೆಸ್ಟಿಕ್ಕಲ್ಲೇ ರೂಮ್ ಮಾಡ್ಕಳಿ, ಎಲ್ಲಾದ್ಕೂ ಹತ್ರ."

ಯಾವುದಕ್ಕೆ ಹತ್ತಿರ? ಇದನ್ನು ಯಾರೂ ಕೇಳುವುದಿಲ್ಲ.

ನಮ್ಮ ದೊಡ್ಡಪ್ಪ ನಿಮ್ಹಾನ್ಸ್‌ಗೆ ತೋರಿಸಿಕೊಳ್ಳಲು ಹೋದಾಗ ಹಿಂದಿನ ದಿನವೇ ಬೆಂಗಳೂರು ಸೇರಿ ಮೆಜೆಸ್ಟಿಕ್‌ನ ಒಂದು ಲಾಡ್ಜಿನಲ್ಲಿ ಇಳಿದುಕೊಂಡರು. ರಾತ್ರಿಯಿಡೀ ಕೆಳಗೆ ಬಸ್ಸಿನ ಹಾರನ್ನು, ಮೇಲೆ ತಿಗಣೆ. ಬೆಳಿಗ್ಗೆ ಬೇಗ ಎದ್ದರೂ ಹೊಸೂರು ರಸ್ತೆ ತಲುಪುವಷ್ಟರಲ್ಲಿ ಆಟೊದಲ್ಲೇ ಹೊತ್ತು ಹೋಗಿ, ಚೀಟಿ ಮಾಡಿಸುವ ಸಾಲಿನಲ್ಲಿ ಕೊನೆಯವರಾಗಿ ನಿಂತರು. "ಬೆಂಗ್ಳೂರು ಅಂದ್ಮೇಲೆ ಇವೆಲ್ಲ ಇದ್ದದ್ದೇ ಕಣಪ್ಪ" ಎಂದು ಸಮಾಧಾನ ಬೇರೆ ಹೇಳಿಕೊಂಡರು. ಇದ್ದದ್ದೇ ಅಲ್ಲ, ಮಾಡಿಕೊಂಡದ್ದು.

ಈ ನಂಬಿಕೆ ಒಂದು ಕಾಲದಲ್ಲಿ ಸುಳ್ಳಾಗಿರಲಿಲ್ಲ, ಒಪ್ಪುತ್ತೇನೆ. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಬಸ್ ನಿಲ್ದಾಣ, ಎದುರಿಗೇ ರೈಲ್ವೆ ಸ್ಟೇಷನ್ನು, ಗಾಂಧಿನಗರದಲ್ಲಿ ನಮ್ಮ ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರ ಹೆಸರಿನ ರಂಗಮಂದಿರ, ಕೆಂಪೇಗೌಡ ರಸ್ತೆಯ ತುಂಬ ಸಿನಿಮಾ. ಊರಿನ ಯಾವ ಮೂಲೆಗೆ ಹೋಗುವುದಾದರೂ ಅಲ್ಲೇ ಸಿಟಿ ಬಸ್ ಬದಲಿಸಬೇಕಿತ್ತು. ಈಗ ಆ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸೂ ಇಲ್ಲ, ಕಪಾಲಿಯೂ ಇಲ್ಲ. ನಂಬಿಕೆಗೆ ಮಾತ್ರ ಇನ್ನೂ ಹೌಸ್‌ಫುಲ್ ಬೋರ್ಡು.

ಆಸ್ಪತ್ರೆ ಕೆಲಸಕ್ಕೆ ಹೋಗುವವರು ಗಮನಿಸಿ. ನಿಮ್ಹಾನ್ಸ್, ಕಿದ್ವಾಯಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಒಂದೇ ಆಸುಪಾಸಿನಲ್ಲಿವೆ. ಜಯದೇವ ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಬನ್ನೇರುಘಟ್ಟ ರಸ್ತೆಯಲ್ಲಿ. ಇವುಗಳಿಗೆ ಜಯನಗರ, ವಿಲ್ಸನ್ ಗಾರ್ಡನ್ ಕಡೆ ಕೋಣೆ ಹಿಡಿದವನು ಜಾಣ. ನಾರಾಯಣ ಹೃದಯಾಲಯ ಇರುವುದು ಬೊಮ್ಮಸಂದ್ರದಲ್ಲಿ. ಮೆಜೆಸ್ಟಿಕ್‌ನಲ್ಲಿ ಮಲಗಿ ಅಲ್ಲಿಗೆ ಹೋಗುವುದೆಂದರೆ ಇಡೀ ದಕ್ಷಿಣ ಬೆಂಗಳೂರನ್ನು ದಾಟುವುದು. ವಿಕ್ಟೋರಿಯಾ ಆಸ್ಪತ್ರೆ, ಹೈಕೋರ್ಟು, ವಿಧಾನಸೌಧದ ಕೆಲಸವಿದ್ದರೆ ಸರಿ, ಮೆಜೆಸ್ಟಿಕ್‌ನಲ್ಲೇ ಉಳಿಯಿರಿ, ನನ್ನದೇನೂ ತಕರಾರಿಲ್ಲ. ವಿಧಾನಸೌಧ ಅಲ್ಲಿಂದ ಮೆಟ್ರೊದಲ್ಲಿ ಎರಡನೆಯ ಸ್ಟೇಷನ್ನು.

"ಬಸ್ಸು ಅಲ್ಲೀಗಂಟ ತಾನೇ ಹೋಗೋದು?" ಎಂಬ ವಾದ ಬರುತ್ತದೆ. ಬಸ್ಸು ಹೋಗಲಿ, ನೀವ್ಯಾಕೆ ಹೋಗಬೇಕು? ತಿಪಟೂರಿನ ಬಸ್ಸು ತುಮಕೂರಿನ ಮೇಲೆ ಬರಲಿ, ತುರುವೇಕೆರೆಯದು ಮಾಯಸಂದ್ರ, ಕುಣಿಗಲ್ ಮೇಲೆ ಬರಲಿ, ನೆಲಮಂಗಲದಲ್ಲಿ ಎರಡೂ ಸೇರಿ ತುಮಕೂರು ರಸ್ತೆಯಲ್ಲೇ ನಗರ ಹೊಗುತ್ತವೆ. ಆ ರಸ್ತೆಯ ನೆತ್ತಿಯ ಮೇಲೆ 2014ರಿಂದ ಹಸಿರು ಮೆಟ್ರೊ ಓಡುತ್ತಿದೆ. 2017ರ ಜೂನ್‌ನಿಂದ ಅದು ಮೆಜೆಸ್ಟಿಕ್ ದಾಟಿ ಜಯನಗರದ ಆಚೆಗೂ ಹೋಗುತ್ತದೆ. ಗೊರಗುಂಟೆಪಾಳ್ಯದಲ್ಲಿ ಹತ್ತಿದರೆ ಲಾಲ್‌ಬಾಗ್ ಹನ್ನೆರಡನೆಯ ಸ್ಟೇಷನ್ನು, ಎಲ್ಲೂ ಬದಲಿಸುವ ಗೋಜಿಲ್ಲ. ನಿಮ್ಹಾನ್ಸ್‌ಗೆ ಅಲ್ಲಿಂದ ಆಟೊ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಶುರುವಾಗಿದೆ: ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಎರಡನೆಯದೇ ಜಯದೇವ ಆಸ್ಪತ್ರೆ ಸ್ಟೇಷನ್ನು, ಕೊನೆಯದು ಬೊಮ್ಮಸಂದ್ರ. ರೈಲಿನಲ್ಲಿ ಬರುವವರಿಗೆ ಯಶವಂತಪುರ ಇದೆ, ಸ್ಟೇಷನ್ನಿನ ಮಗ್ಗುಲಲ್ಲೇ ಮೆಟ್ರೊ. ಇಷ್ಟೆಲ್ಲ ಇದ್ದೂ ನಮ್ಮವರು ಸೀಟು ಬಿಟ್ಟು ಏಳುವುದಿಲ್ಲ. ಟಿಕೆಟ್ಟು ಮೆಜೆಸ್ಟಿಕ್ಕಿಗೆ ತೆಗೆಸಿದ್ದೇವಲ್ಲ, ಮಧ್ಯದಲ್ಲಿ ಇಳಿದರೆ ದುಡ್ಡು ದಂಡವಂತೆ!

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಬೆಂಗಳೂರಿನಲ್ಲಿ ಕಿಲೋಮೀಟರ್ ಲೆಕ್ಕ ದೂರವನ್ನು ಹೇಳುತ್ತದೆ, ಹೊತ್ತನ್ನಲ್ಲ. ಲಾಡ್ಜಿನ ದಿನ ಎಂದರೆ ಎಲ್ಲ ಕಡೆ 24 ಗಂಟೆಯಲ್ಲ, ಕೆಲವು ಕಡೆ ನೀವು ಎಷ್ಟು ಹೊತ್ತಿಗೆ ಬಂದರೂ ಮಾರನೆಯ ಮಧ್ಯಾಹ್ನಕ್ಕೇ ಖಾಲಿ ಮಾಡಬೇಕು, ಮೊದಲೇ ಕೇಳಿ. ನೆಂಟರ ಮನೆ ಪುಕ್ಕಟೆ ಎನ್ನುವವರು ಹೊತ್ತುಕೊಂಡು ಹೋದ ತೆಂಗಿನಕಾಯಿ ಚೀಲದ ಬೆಲೆ ಸೇರಿಸಿ ಲೆಕ್ಕ ಹಾಕಲಿ.

ಹುಡುಗರು ನಗುವುದು ಬೇಡ. ಮೊಬೈಲಿನಲ್ಲಿ ಕೋಣೆ ಹುಡುಕುವಾಗ "ನಗರ ಕೇಂದ್ರದಿಂದ ಇಷ್ಟು ಕಿಲೋಮೀಟರ್" ಎಂದು ಬರುವುದನ್ನು ನೋಡಿ ಒತ್ತುತ್ತಾರಲ್ಲ, ಅದೂ ಅಜ್ಜನ ಮೆಜೆಸ್ಟಿಕ್ಕೇ, ಕನ್ನಡಕ ಬೇರೆ ಅಷ್ಟೆ. ಯಾರ ಕೇಂದ್ರ ಅದು? ನಾಳೆ ಬೆಳಿಗ್ಗೆ ಎಂಟಕ್ಕೆ ನಿಮಗೆ ಎಲ್ಲಿ ಕೆಲಸವೋ ಅದೇ ನಿಮ್ಮ ಕೇಂದ್ರ. ಕೇಳಿದ್ದನ್ನು ಹಾಗೇ ನಂಬುವುದು ಕೋಣೆಯ ವಿಷಯದಲ್ಲಷ್ಟೇ ಅಲ್ಲ. ಸಂಜೆ ಎಳನೀರು ಕುಡಿದರೆ ನೆಗಡಿ ಎಂದು ಒಬ್ಬ ಹೇಳಿದರೆ ಊರೆಲ್ಲ ಕೊಚ್ಚುವ ಮಚ್ಚು ಕೆಳಗಿಡುತ್ತದೆ. ಕೊಬ್ಬರಿ ಎಣ್ಣೆ ಸಕಲ ರೋಗಕ್ಕೂ ಮದ್ದು ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದರೆ ಅದೇ ಊರು ಹತ್ತು ಜನಕ್ಕೆ ಕಳಿಸುತ್ತದೆ. ಹೇಳಿದವನು ನೋಡಿದ್ದಾನಾ ಎಂದು ವಿಚಾರಿಸುವ ಅಭ್ಯಾಸ ಕೊಬ್ಬರಿ ರೇಟಿಗಷ್ಟೇ ಮೀಸಲು.

ದೊಡ್ಡಪ್ಪ ಮುಂದಿನ ತಿಂಗಳು ಮತ್ತೆ ಹೊರಟಿದ್ದಾರೆ. ಜಯನಗರದಲ್ಲಿ ಕೋಣೆ ಹಿಡಿದುಕೊಟ್ಟಿದ್ದೇನೆ. ನಿನ್ನೆ ಫೋನು ಮಾಡಿ ಕೇಳಿದರು: "ಮೆಜೆಸ್ಟಿಕ್ಕಿಂದ ಅಲ್ಲಿಗೆ ಎಷ್ಟು ದೂರ ಆಯ್ತದೆ ಮಗ?" ಗೊರಗುಂಟೆಪಾಳ್ಯದಲ್ಲೇ ಇಳಿಸುವಂತೆ ಕಂಡಕ್ಟರಿಗೆ ನಾನೇ ಹೇಳಿ ಹತ್ತಿಸಬೇಕು.